ಒಂದು ತಿಂಗಳು, ಒಂದು ಗೆರೆ: ರೈಲಿನಲ್ಲಿ ಭಾರತ ಸುತ್ತುವವರಿಗೆ ಸಮಗ್ರ ಮಾರ್ಗದರ್ಶಿ

ಭಾರತ ನೋಡಬೇಕು ಎಂದು ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ತಾಜ್ ಮಹಲ್, ಕಾಶಿ, ಕಾಶ್ಮೀರ, ಜೈಸಲ್ಮೇರ್, ಡಾರ್ಜಿಲಿಂಗ್, ರಾಮೇಶ್ವರ, ಕಛ್‌ನ ರಣ. ಅದನ್ನು ನಕ್ಷೆಯ ಮೇಲೆ ಗುರುತು ಹಾಕಿ ನೋಡಿದರೆ ಒಗ್ಗರಣೆಯಿಂದ ಸಿಡಿದ ಸಾಸಿವೆಯಂತೆ ಚುಕ್ಕೆಗಳು ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಉತ್ತರದಿಂದ ದಕ್ಷಿಣಕ್ಕೆ 3,214 ಕಿ.ಮೀ., ಪೂರ್ವದಿಂದ ಪಶ್ಚಿಮಕ್ಕೆ 2,933 ಕಿ.ಮೀ. ಇರುವ ದೇಶದಲ್ಲಿ ಆ ಚುಕ್ಕೆಗಳನ್ನೆಲ್ಲ ಮುಟ್ಟಲು ಹೋದವರು ಕೊನೆಗೆ ನೋಡುವುದು ವಿಮಾನ ನಿಲ್ದಾಣಗಳನ್ನು ಮತ್ತು ಹೋಟೆಲಿನ ಸ್ವಾಗತ ಮೇಜನ್ನು.

ಪಟ್ಟಿಯನ್ನು ಹರಿದುಹಾಕಿ, ನಕ್ಷೆಯ ಮೇಲೆ ಒಂದೇ ಒಂದು ಗೆರೆ ಎಳೆಯಿರಿ ಎಂಬುದು ನನ್ನ ಸಲಹೆ. ಗೆರೆಗೆ ಸಿಕ್ಕಿದ್ದು ಈ ಬಾರಿಯ ಪಾಲು, ಸಿಗದಿದ್ದದ್ದು ಮುಂದಿನ ಬಾರಿಗೆ. ಈ ಬರಹದಲ್ಲಿ ಬೆಂಗಳೂರಿನಿಂದ ಹೊರಟು, ಕರಾವಳಿ, ಮರುಭೂಮಿ, ಗಂಗೆಯ ಬಯಲು, ಹಿಮಾಲಯದ ಅಂಚು, ಬ್ರಹ್ಮಪುತ್ರದ ಕಣಿವೆ ದಾಟಿ, ಪೂರ್ವ ಕರಾವಳಿಯ ಮೇಲೆ ಹಿಂದಿರುಗುವ ಒಂದು ತಿಂಗಳ ಗೆರೆಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ಗೆರೆ ಬೇರೆಯಾಗಿರಬಹುದು, ಎಳೆಯುವ ಕ್ರಮ ಮಾತ್ರ ಇದೇ.

ಮೊದಲ ಹೆಜ್ಜೆ: ಊರಿಗಿಂತ ಮೊದಲು ತಿಂಗಳು

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಯಾವಾಗ ಎಂಬುದೇ ಅರ್ಧ ಉತ್ತರ. ನೈಋತ್ಯ ಮುಂಗಾರು ಜೂನ್ 1ರ ಹೊತ್ತಿಗೆ ಕೇರಳ ಮುಟ್ಟುತ್ತದೆ, ಜುಲೈ ಎರಡನೆಯ ವಾರದೊಳಗೆ ದೇಶವನ್ನೆಲ್ಲ ಆವರಿಸುತ್ತದೆ, ಸೆಪ್ಟೆಂಬರ್ ಮಧ್ಯದ ನಂತರ ರಾಜಸ್ಥಾನದ ಪಶ್ಚಿಮ ತುದಿಯಿಂದ ಹಿಂದೆ ಸರಿಯತೊಡಗುತ್ತದೆ. ಆಗಲೂ ಮಳೆ ಮುಗಿಯಿತು ಎನ್ನುವಂತಿಲ್ಲ. ತಮಿಳುನಾಡಿನ ಕರಾವಳಿಗೆ ನಿಜವಾದ ಮಳೆಗಾಲ ಅಕ್ಟೋಬರಿನಿಂದ ಡಿಸೆಂಬರ್. ಇತ್ತ ಡಿಸೆಂಬರ್, ಜನವರಿಯಲ್ಲಿ ಗಂಗೆಯ ಬಯಲಿನ ಮೇಲೆ ಮಂಜು ಹಾಸಿಕೊಂಡು ರೈಲುಗಳು ಐದಾರು ಗಂಟೆ ತಡವಾಗುವುದು ಮಾಮೂಲು. ಏಪ್ರಿಲ್ ಬಂದರೆ ಥಾರ್ ಮರುಭೂಮಿ ಕಾದ ಹೆಂಚು.

ಇವೆಲ್ಲವನ್ನೂ ಒಂದರ ಮೇಲೊಂದು ಇಟ್ಟು ಜರಡಿ ಹಿಡಿದಾಗ ಕೆಳಗೆ ಉಳಿಯುವುದು ಫೆಬ್ರವರಿ. ಕಛ್‌ನ ರಣದಲ್ಲಿ ಮಳೆನೀರು ಇಂಗಿ ಉಪ್ಪು ಗಟ್ಟಿಯಾಗಿರುತ್ತದೆ, ಜೈಸಲ್ಮೇರಿನಲ್ಲಿ ಹಗಲು ಹಿತವಾಗಿರುತ್ತದೆ, ತಿಂಗಳ ಮಧ್ಯದಲ್ಲಿ ದೆಹಲಿ ಮುಟ್ಟುವ ಹೊತ್ತಿಗೆ ಮಂಜಿನ ಕಾಟ ಬಹುಪಾಲು ಕಳೆದಿರುತ್ತದೆ, ಮಳೆಗಾಲದಲ್ಲಿ ಮುಚ್ಚುವ ಕಾಜಿರಂಗ ತೆರೆದಿರುತ್ತದೆ. ಕಾಶ್ಮೀರ ಮತ್ತು ಲಡಾಖ್ ಮಾತ್ರ ಈ ಗೆರೆಗೆ ಹೊಂದುವುದಿಲ್ಲ. 2025ರ ಜೂನ್‌ನಲ್ಲಿ ಚೆನಾಬ್ ಸೇತುವೆ ಉದ್ಘಾಟನೆಯಾಗಿ ಕಟ್ರಾದಿಂದ ಶ್ರೀನಗರಕ್ಕೆ ರೈಲು ಓಡುತ್ತಿದೆ. ನದಿಯ ಪಾತ್ರದಿಂದ 359 ಮೀಟರ್ ಎತ್ತರದ ಆ ಕಮಾನು ನೋಡುವ ಆಸೆ ನನಗೂ ಇದೆ. ಆದರೆ ಅದಕ್ಕಾಗಿಯೇ ಬೇರೊಂದು ತಿಂಗಳು, ಬೇರೊಂದು ಗೆರೆ ಬೇಕು.

ಎರಡನೆಯ ಹೆಜ್ಜೆ: ಹಗಲಿನ ಹಾದಿ, ರಾತ್ರಿಯ ಹಾದಿ

ರಾತ್ರಿ ರೈಲಿನಲ್ಲಿ ಮಲಗಿದರೆ ಹೋಟೆಲ್ ಖರ್ಚು ಉಳಿಯುತ್ತದೆ ಎಂಬ ಲೆಕ್ಕ ಸರಿಯಾದದ್ದೇ. ಅದನ್ನೇ ವ್ರತ ಮಾಡಿಕೊಂಡರೆ ಮಾತ್ರ ದೇಶದ ಅತ್ಯಂತ ಚೆಲುವಾದ ಹಾದಿಗಳು ನಿದ್ದೆಯಲ್ಲಿ ಕಳೆದುಹೋಗುತ್ತವೆ. ಹಾಗಾಗಿ ಗೆರೆಯನ್ನು ತುಂಡುಗಳಾಗಿ ಒಡೆದು, ಘಾಟಿ, ಕರಾವಳಿ, ಬೆಟ್ಟಗಳ ತುಂಡಿಗೆ ಹಗಲಿನ ರೈಲು, ಬಯಲಿನ ತುಂಡಿಗೆ ರಾತ್ರಿಯ ರೈಲು ಎಂದು ಗುರುತು ಮಾಡಿಕೊಳ್ಳಿ.

ಮೊದಲ ತುಂಡನ್ನೇ ನೋಡಿ. ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದವರು ಸಾವಿರಾರು. ಹಗಲಿನ ರೈಲಿನಲ್ಲಿ ಒಮ್ಮೆ ಹೋಗಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, ಐವತ್ತಕ್ಕೆ ಒಂದರ ಇಳಿಜಾರು. ರೈಲು ಇಲ್ಲಿ ಓಡುವುದಿಲ್ಲ, ಬ್ರೇಕ್ ಹಿಡಿದುಕೊಂಡೇ ಜಾರುತ್ತದೆ. ಕಾದ ಕಬ್ಬಿಣದ ವಾಸನೆ ಬೋಗಿಯೊಳಗೇ ಬರುತ್ತದೆ. ಸುರಂಗ ಹೊಕ್ಕ ಕೂಡಲೇ ಬೋಗಿಯ ಹುಡುಗರೆಲ್ಲ ಒಟ್ಟಿಗೆ ಕೂಗು ಹಾಕುತ್ತಾರೆ, ಹೊರಬಂದಾಗ ಕೂಗು ನಿಂತು ಕೆಳಗೆಲ್ಲೋ ಹಳ್ಳದ ಸದ್ದು ಕೇಳಿಸುತ್ತದೆ, ಅಷ್ಟರಲ್ಲಿ ಮತ್ತೊಂದು ಸುರಂಗ. ಯಡಕುಮರಿಯಲ್ಲಿ ರೈಲು ನಿಂತರೆ ಸುತ್ತ ಕಾಡು ಬಿಟ್ಟು ಬೇರೇನೂ ಕಾಣುವುದಿಲ್ಲ, ಸಿಬ್ಬಂದಿ ಹಳಿಯ ಪಕ್ಕ ನಡೆಯುತ್ತ ಗಾಲಿಗಳನ್ನು ನೋಡಿಕೊಂಡು ಹೋಗುತ್ತಾರೆ. ಈ ತುಂಡಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ 2021ರಲ್ಲಿ ಬಂದಿದೆ. ನನ್ನ ಆಯ್ಕೆ ಇಂದಿಗೂ ಕಿಟಕಿ ತೆರೆಯಬಹುದಾದ ಸಾದಾ ಬೋಗಿಯೇ. ಗಾಜಿನ ಹಿಂದೆ ಕುಳಿತರೆ ಕಾಡು ಕಾಣುತ್ತದೆ, ಮೂಗಿಗೆ ಸಿಗುವುದಿಲ್ಲ.

ಮಂಗಳೂರಿನಿಂದ ಮುಂಬೈಗೆ ಕೊಂಕಣ ರೈಲ್ವೆ. ಮಧ್ಯಾಹ್ನ ಮಂಗಳೂರಿನಿಂದ ಹೊರಡುವ ಮತ್ಸ್ಯಗಂಧ ಹಿಡಿದರೆ ಗೋವಾ ದಾಟುವಾಗಲೇ ಕತ್ತಲು. ಅದಕ್ಕೆ ಬದಲು ಮೊದಲ ದಿನ ಮಡಗಾಂವ್‌ಗೆ ಹೋಗಿ ಉಳಿದು, ಮರುದಿನ ಬೆಳಿಗ್ಗೆಯ ಮಾಂಡೋವಿ ಎಕ್ಸ್‌ಪ್ರೆಸ್ ಹಿಡಿಯಿರಿ. ರತ್ನಾಗಿರಿಯ ಹತ್ತಿರದ 64 ಮೀಟರ್ ಎತ್ತರದ ಪನ್ವಲ್ ಸೇತುವೆ, ಆರೂವರೆ ಕಿ.ಮೀ. ಉದ್ದದ ಕರ್ಬುಡೆ ಸುರಂಗ ಎರಡೂ ಹಗಲಲ್ಲೇ ಸಿಗುತ್ತವೆ. ಮಳೆಗಾಲದಲ್ಲಿ ಹೋಗುವವರು ನೆನಪಿಡಬೇಕಾದದ್ದು: ಈ ಮಾರ್ಗಕ್ಕೆ ಪ್ರತ್ಯೇಕ ಮಳೆಗಾಲದ ವೇಳಾಪಟ್ಟಿ ಇದೆ, ರೈಲುಗಳು ನಿಧಾನ, ಹೊರಡುವ ಸಮಯವೂ ಬದಲು.

ಮುಂದಿನ ತುಂಡುಗಳನ್ನು ಬೇಗ ಹೇಳಿಬಿಡುತ್ತೇನೆ. ಮುಂಬೈಯಿಂದ ಭುಜ್‌ಗೆ ರಾತ್ರಿ. ಭುಜ್‌ನಿಂದ ಪಾಲನ್‌ಪುರದ ಮೇಲೆ ಜೋಧ್‌ಪುರಕ್ಕೆ, ರೈಲು ಬದಲಿಸಿಕೊಂಡು. ಜೋಧ್‌ಪುರದಿಂದ ಜೈಸಲ್ಮೇರ್ ಹಗಲಲ್ಲಿ, ಏಕೆಂದರೆ ಹಸಿರು ತೆಳುವಾಗುತ್ತ ಹೋಗಿ ಮರಳಾಗುವುದನ್ನು ನೋಡಬೇಕು. ಜೈಸಲ್ಮೇರಿನಿಂದ ದೆಹಲಿ, ದೆಹಲಿ ಅಥವಾ ಆಗ್ರಾದಿಂದ ಕಾಶಿ, ಕಾಶಿಯಿಂದ ನ್ಯೂ ಜಲ್ಪೈಗುರಿ ಮೂರೂ ರಾತ್ರಿ. ಅಲ್ಲಿಂದ ಡಾರ್ಜಿಲಿಂಗ್, ಮತ್ತೆ ಕೆಳಗಿಳಿದು ಗುವಾಹಟಿ, ಕಾಜಿರಂಗ, ದಿಬ್ರುಗಢ.

ಮೂರನೆಯ ಹೆಜ್ಜೆ: ಟಿಕೆಟ್

ಹೆಚ್ಚಿನ ಪ್ರವಾಸಗಳು ಕೆಡುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಮುಂಗಡ ಕಾಯ್ದಿರಿಸುವಿಕೆಯ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಇದರ ಪರಿಣಾಮವೇನೆಂದರೆ ಒಂದು ತಿಂಗಳ ಪ್ರವಾಸದ ಟಿಕೆಟ್‌ಗಳನ್ನೆಲ್ಲ ಒಂದೇ ದಿನ ಕುಳಿತು ತೆಗೆಯಲಾಗದು. ಫೆಬ್ರವರಿ 1ರ ಟಿಕೆಟ್ ಡಿಸೆಂಬರ್ 3ಕ್ಕೆ ತೆರೆದರೆ, ಫೆಬ್ರವರಿ 26ರದ್ದು ತೆರೆಯುವುದು ಡಿಸೆಂಬರ್ 28ಕ್ಕೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರಯಾಣದ ದಿನಗಳಿಗೆ ಒಂದು ಬಣ್ಣ, ಟಿಕೆಟ್ ತೆರೆಯುವ ದಿನಗಳಿಗೆ ಇನ್ನೊಂದು ಬಣ್ಣ ಹಚ್ಚಿ. ಕಾಯ್ದಿರಿಸುವಿಕೆ ತೆರೆಯುವುದು ಬೆಳಿಗ್ಗೆ 8ಕ್ಕೆ. ಒಂದು ಸೂಕ್ಷ್ಮ: 60 ದಿನದ ಲೆಕ್ಕ ರೈಲು ತನ್ನ ಮೂಲ ನಿಲ್ದಾಣ ಬಿಡುವ ದಿನದಿಂದ. ನೀವು ಹತ್ತುವ ಊರಿಗೆ ರೈಲು ಮರುದಿನ ಬರುವುದಾದರೆ ನಿಮ್ಮ ಟಿಕೆಟ್ ಒಂದು ದಿನ ಮೊದಲೇ ತೆರೆದಿರುತ್ತದೆ. ಕೊನೆಯ ಗಳಿಗೆಯ ತತ್ಕಾಲ್ ಟಿಕೆಟ್‌ನ ಲೆಕ್ಕವೂ ಹೀಗೆಯೇ. ಎ.ಸಿ. ದರ್ಜೆಗೆ ಹಿಂದಿನ ದಿನ ಬೆಳಿಗ್ಗೆ 10, ಸ್ಲೀಪರ್‌ಗೆ 11. ಆನ್‌ಲೈನ್ ತತ್ಕಾಲ್‌ಗೆ 2025ರ ಜುಲೈಯಿಂದ ಆಧಾರ್ ದೃಢೀಕರಣ ಕಡ್ಡಾಯ, ಆ ಕೆಲಸ ಇಂದೇ ಮುಗಿಸಿಡಿ. ಖಚಿತವಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಹಣ ವಾಪಸ್ ಇಲ್ಲ.

ವೇಟಿಂಗ್ ಲಿಸ್ಟ್‌ನಲ್ಲೂ ಜಾತಿಗಳಿವೆ. ರೈಲು ಹೊರಡುವ ಮೂಲ ನಿಲ್ದಾಣದ ಸುತ್ತಮುತ್ತಲಿನಿಂದ ದೂರದ ಊರಿಗೆ ಹೋಗುವವರಿಗೆ ಸಿಗುವ ಸಾಮಾನ್ಯ ಪಟ್ಟಿ ಬೇಗ ಕರಗುತ್ತದೆ. ನಡುವಿನ ಊರುಗಳ ಪಟ್ಟಿ ಕರಗುವುದು ಕಷ್ಟ. ಹೀಗಾಗಿ ಕೆಲವೊಮ್ಮೆ ಮೂಲ ನಿಲ್ದಾಣದಿಂದಲೇ ಟಿಕೆಟ್ ತೆಗೆದು, ಹತ್ತುವ ನಿಲ್ದಾಣವನ್ನು ನಿಮ್ಮ ಊರು ಎಂದು ನಮೂದಿಸುವುದು ಲಾಭ. ಹಾಗೆ ನಮೂದಿಸಲು ಮರೆತರೆ ನಿಮ್ಮ ಬರ್ತ್ ಇನ್ನೊಬ್ಬರ ಪಾಲಾಗಬಹುದು. ವೇಟಿಂಗ್ ಟಿಕೆಟ್ ಹಿಡಿದು ಹತ್ತಿ, ಟಿಕೆಟ್ ತಪಾಸಕರ (ಟಿ.ಟಿ.ಇ.) ಬಳಿ ಮಾತಾಡಿಕೊಳ್ಳೋಣ ಎಂಬ ಹಳೆಯ ಅಭ್ಯಾಸ ಬಿಡಿ. ಸ್ಲೀಪರ್ ಮತ್ತು ಎ.ಸಿ. ಬೋಗಿಗಳಲ್ಲಿ ಅದು ಈಗ ನಡೆಯುವುದಿಲ್ಲ. ಆರ್.ಎ.ಸಿ., ಅಂದರೆ ಅರ್ಧ ಖಚಿತವಾದ ಟಿಕೆಟ್, ಬಂದರೆ ಹೋಗಬಹುದು, ಪಕ್ಕದ ಕೆಳಬರ್ತ್ ಇಬ್ಬರಿಗೆ ಪಾಲು, ರಾತ್ರಿಯಿಡೀ ಅಪರಿಚಿತರ ಮೊಣಕಾಲಿನ ಜೊತೆ ಮಾತುಕತೆ.

ಇನ್ನೊಂದು ಹಳೆಯ ಅನುಕೂಲ ಬಹಳ ಮಂದಿಗೆ ಗೊತ್ತಿಲ್ಲ: ಸರ್ಕ್ಯುಲರ್ ಜರ್ನಿ ಟಿಕೆಟ್. ಹೊರಟ ಊರಿಗೇ ಮರಳುವ ಸುತ್ತು ಪ್ರಯಾಣಕ್ಕೆ ಒಂದೇ ಟಿಕೆಟ್, ನಡುವೆ ಗರಿಷ್ಠ ಎಂಟು ಕಡೆ ಇಳಿದು ಉಳಿಯಬಹುದು. ದೂರ ಹೆಚ್ಚಿದಂತೆ ಕಿ.ಮೀ. ದರ ಇಳಿಯುವುದರಿಂದ ಬಿಡಿಬಿಡಿ ಟಿಕೆಟ್‌ಗಿಂತ ಅಗ್ಗ. ಅರ್ಜಿ ಹಿಡಿದು ಕಚೇರಿಗೆ ಹೋಗಬೇಕು, ಪ್ರತಿ ತುಂಡಿಗೂ ಆಸನವನ್ನು ಮತ್ತೆ ಕಾಯ್ದಿರಿಸಬೇಕು, ದಾರಿ ಬದಲಿಸುವಂತಿಲ್ಲ. ಯೋಜನೆ ಗಟ್ಟಿಯಾಗಿರುವವರಿಗೆ ಒಳ್ಳೆಯದು, ನನ್ನಂಥ ಚಂಚಲ ಸ್ವಭಾವದವರಿಗೆ ಅಲ್ಲ.

ಮಧ್ಯರಾತ್ರಿಯ ದಿನಾಂಕದ ಬಗ್ಗೆ ಪ್ರತ್ಯೇಕವಾಗಿ ಬರೆಯಲೇಬೇಕು. ಹಿಂದೊಮ್ಮೆ ಇಟಾರ್ಸಿಯಲ್ಲಿ 14ನೇ ತಾರೀಖಿನ ರಾತ್ರಿ ಹನ್ನೊಂದಕ್ಕೇ ಪ್ಲಾಟ್‌ಫಾರ್ಮ್‌ಗೆ ಬಂದು ಚಹಾ ಕುಡಿಯುತ್ತ ಕುಳಿತಿದ್ದೆ. ರೈಲು 00:20ಕ್ಕೆ, ಟಿಕೆಟ್ 14ರದ್ದು. ರೈಲು ಸಮಯಕ್ಕೆ ಸರಿಯಾಗಿ ಬಂತು, ನನ್ನ ಬರ್ತ್‌ನಲ್ಲಿ ಒಂದು ಕುಟುಂಬ ಮಲಗಿತ್ತು. ಟಿ.ಟಿ.ಇ. ನನ್ನ ಟಿಕೆಟ್ ನೋಡಿ, ಕನ್ನಡಕ ಹಣೆಗೇರಿಸಿ, ಗಡಿಯಾರ ತೋರಿಸಿದರು. ಅದು ಆಗಲೇ 15. ನನ್ನ ರೈಲು ಇಪ್ಪತ್ತನಾಲ್ಕು ಗಂಟೆ ಮೊದಲೇ ಹೋಗಿಯಾಗಿತ್ತು. ಅಂದಿನಿಂದ ರಾತ್ರಿ 12ರಿಂದ 2ರ ನಡುವಿನ ರೈಲಿದ್ದರೆ ಡೈರಿಯಲ್ಲಿ ಹಿಂದಿನ ದಿನದ ಹಾಳೆಯಲ್ಲೇ ‘ಇಂದು ರಾತ್ರಿ ಊಟ ಮಾಡಿ ನಿಲ್ದಾಣಕ್ಕೆ’ ಎಂದು ಬರೆದುಕೊಳ್ಳುತ್ತೇನೆ.

ನಾಲ್ಕನೆಯ ಹೆಜ್ಜೆ: ನಿಲ್ದಾಣದ ಹೆಸರು ಸರಿಯಾಗಿ ಓದಿ

ದೊಡ್ಡ ಊರುಗಳಿಗೆ ಒಂದೇ ನಿಲ್ದಾಣವಿರುವುದಿಲ್ಲ. ನವದೆಹಲಿ, ಹಳೆ ದೆಹಲಿ, ಹಜರತ್ ನಿಜಾಮುದ್ದೀನ್, ಆನಂದ ವಿಹಾರ ನಾಲ್ಕೂ ಬೇರೆ. ಮುಂಬೈಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿದು ಬಾಂದ್ರಾ ಟರ್ಮಿನಸ್‌ನಲ್ಲಿ ಹತ್ತಬೇಕಾದರೆ ಊರಿಗೆ ಊರೇ ದಾಟಬೇಕು, ಸಂಜೆಯ ಹೊತ್ತಾದರೆ ದೇವರೇ ಗತಿ. ಕಾಶಿಯಲ್ಲಂತೂ ವಾರಾಣಸಿ ಜಂಕ್ಷನ್ ಇದೆ, ಬನಾರಸ್ ಎಂಬ ಇನ್ನೊಂದು ನಿಲ್ದಾಣವಿದೆ, ಪೂರ್ವಕ್ಕೆ ಹೋಗುವ ಅನೇಕ ರೈಲುಗಳು ಎರಡನ್ನೂ ಬಿಟ್ಟು ಗಂಗೆಯ ಆಚೆ ದಡದ ಪಂಡಿತ್ ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ ನಿಲ್ಲುತ್ತವೆ. 2018ರವರೆಗೆ ಅದರ ಹೆಸರು ಮೊಘಲ್‌ಸರಾಯ್, ಆಟೋದವರು ಇಂದಿಗೂ ಹಾಗೆಯೇ ಕರೆಯುತ್ತಾರೆ. ಘಾಟ್‌ನಿಂದ ಅಲ್ಲಿಗೆ ಹೋಗಲು ಒಂದೂವರೆ ಗಂಟೆ ಕೈಯಲ್ಲಿಟ್ಟುಕೊಳ್ಳಿ. ನಮ್ಮ ಬೆಂಗಳೂರಿನಲ್ಲೇ ಮೆಜೆಸ್ಟಿಕ್‌ನ ಕೆ.ಎಸ್.ಆರ್., ಯಶವಂತಪುರ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಎಂದು ಮೂರಿರುವಾಗ ಬೇರೆಯವರನ್ನು ದೂರುವಂತಿಲ್ಲ.

ಐದನೆಯ ಹೆಜ್ಜೆ: ವಾರದ ರಜೆ ಮತ್ತು ಸೂರ್ಯನ ಲೆಕ್ಕ

ತಾಜ್ ಮಹಲ್ ಶುಕ್ರವಾರ ಮುಚ್ಚಿರುತ್ತದೆ. ಅಜಂತಾ ಸೋಮವಾರ, ಎಲ್ಲೋರಾ ಮಂಗಳವಾರ. ವಸ್ತುಸಂಗ್ರಹಾಲಯಗಳಲ್ಲಿ ಹೆಚ್ಚಿನವು ಸೋಮವಾರ. ಆಗ್ರಾದ ದಿನವನ್ನು ಮೊದಲು ಗಟ್ಟಿ ಮಾಡಿ, ಅದರ ಹಿಂದುಮುಂದಿನ ರೈಲುಗಳನ್ನು ಆಮೇಲೆ ಹುಡುಕಿ.

ಸೂರ್ಯನ ವಿಷಯ ಇನ್ನೂ ಸ್ವಾರಸ್ಯಕರ. ಜೈಸಲ್ಮೇರ್ ಮತ್ತು ದಿಬ್ರುಗಢ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 27 ಡಿಗ್ರಿಯ ಆಸುಪಾಸು. ನಡುವೆ ಸುಮಾರು 24 ಡಿಗ್ರಿ ರೇಖಾಂಶದ ಅಂತರ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಫೆಬ್ರವರಿ ಮಧ್ಯದಲ್ಲಿ ಜೈಸಲ್ಮೇರಿನಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ, ದಿಬ್ರುಗಢದಲ್ಲಿ ಆರಕ್ಕೂ ಮೊದಲು. ಸಂಜೆ ಅಲ್ಲಿ ಐದು ದಾಟಿದರೆ ಕತ್ತಲು ಇಳಿಯತೊಡಗುತ್ತದೆ. ಅಸ್ಸಾಮಿನ ಚಹಾ ತೋಟಗಳವರು ಇದಕ್ಕೆಂದೇ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡು ‘ಬಾಗಾನ್ ಸಮಯ’ದಂತೆ ಕೆಲಸ ಮಾಡುತ್ತ ಬಂದಿದ್ದಾರೆ. ನಿಮಗೆ ಇದರಿಂದ ಬೇಕಾದ ಪಾಠ ಇಷ್ಟೇ: ರಾಜಸ್ಥಾನದಲ್ಲಿ ಬೆಳಿಗ್ಗೆ ತಡವಾಗಿ ಹೊರಟರೂ ನಡೆಯುತ್ತದೆ. ಅಸ್ಸಾಮಿನಲ್ಲಿ ಐದಕ್ಕೇ ಎದ್ದು ಸಿದ್ಧರಾಗದಿದ್ದರೆ ದಿನವೇ ಹೋಯಿತು. ನಿಮಾತಿ ಘಾಟ್‌ನಿಂದ ಮಾಜುಲಿ ದ್ವೀಪಕ್ಕೆ ದೋಣಿ ಹಿಡಿಯುವವರು ಮರಳುವ ಕೊನೆಯ ದೋಣಿಯ ಸಮಯವನ್ನು ಹೋಗುವಾಗಲೇ ಕೇಳಿಕೊಳ್ಳಬೇಕು.

ಆರನೆಯ ಹೆಜ್ಜೆ: ಎಲ್ಲಿ ನಿಲ್ಲಬೇಕು, ಎಷ್ಟು ದಿನ

ಒಂದು ಊರಿನಲ್ಲಿ ಎರಡು ರಾತ್ರಿಗಿಂತ ಕಡಿಮೆ ಉಳಿಯಬೇಡಿ. ಕಛ್‌ಗೆ ಮೂರು ದಿನ ಕೊಡಿ. ಬಿಳಿ ರಣಕ್ಕೆ ಒಂದು ಸಂಜೆ ಸಾಕು, ಉಳಿದ ದಿನ ಧೋಲಾವೀರಕ್ಕೆ. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಹರಪ್ಪ ಕಾಲದ ನಗರದಲ್ಲಿ ಮಳೆನೀರು ಹಿಡಿದಿಡಲು ಕಲ್ಲಿನಲ್ಲಿ ಕೊರೆದ ಕೊಳಗಳನ್ನು ನೋಡಿದರೆ, ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ನಮಗೆ ಸ್ವಲ್ಪ ನಾಚಿಕೆಯಾಗುತ್ತದೆ. ಭುಜ್‌ನಿಂದ ಅಲ್ಲಿಗೆ ಬಸ್ ನಂಬಬೇಡಿ, ಇಬ್ಬರು ಮೂವರು ಸೇರಿ ಕಾರು ಮಾಡಿಕೊಳ್ಳಿ.

ಡಾರ್ಜಿಲಿಂಗ್‌ನ ಪುಟ್ಟ ರೈಲಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 1881ರಿಂದ ಓಡುತ್ತಿರುವ, ಎರಡೇ ಅಡಿ ಅಗಲದ ಹಳಿಯ ರೈಲು ಅದು. 1999ರಲ್ಲಿ ಯುನೆಸ್ಕೊ ಮಾನ್ಯತೆ ಬಂತು. ನ್ಯೂ ಜಲ್ಪೈಗುರಿಯಿಂದ 88 ಕಿ.ಮೀ. ಹತ್ತಲು ಏಳು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಪೂರ್ತಿ ಹಾದಿ ಕುಳಿತರೆ ಕೊನೆಯ ಎರಡು ಗಂಟೆ ಸೊಂಟದ್ದೇ ಧ್ಯಾನ. ಷೇರ್ ಜೀಪಿನಲ್ಲಿ ಮೇಲೆ ಹೋಗಿ, ಡಾರ್ಜಿಲಿಂಗ್‌ನಿಂದ ಘೂಮ್‌ವರೆಗಿನ ಚಿಕ್ಕ ಸವಾರಿ ಮಾಡಿದರೆ ಸಾಕು. ಘೂಮ್ 2,258 ಮೀಟರ್ ಎತ್ತರದಲ್ಲಿದೆ, ದೇಶದಲ್ಲೇ ಅತಿ ಎತ್ತರದ ರೈಲು ನಿಲ್ದಾಣ. ಬೆಟ್ಟದ ರೈಲಿನಲ್ಲಿ ಪೂರ್ತಿ ಹತ್ತಲೇಬೇಕೆಂಬ ಹಂಬಲವಿದ್ದರೆ ನೀಲಗಿರಿಗೆ ಹೋಗಿ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿ.ಮೀ., ಹಲ್ಲುಹಳಿ ಹಿಡಿದು ಹನ್ನೆರಡಕ್ಕೆ ಒಂದರ ಏರು ಹತ್ತುತ್ತದೆ, ನಮಗೆ ಹತ್ತಿರವೂ ಹೌದು.

ಅಸ್ಸಾಮಿನಿಂದ ಆಚೆ ಕಾಲಿಡುವ ಮನಸ್ಸಿದ್ದರೆ ಒಂದು ಕಾಗದ ಬೇಕು. ಅರುಣಾಚಲ ಪ್ರದೇಶ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರ ನಾಲ್ಕಕ್ಕೂ ಹೊರರಾಜ್ಯದವರಿಗೆ ಇನ್ನರ್ ಲೈನ್ ಪರ್ಮಿಟ್ ಕಡ್ಡಾಯ. ಮೇಘಾಲಯಕ್ಕೆ ಬೇಡ. ಹೊರಡುವ ಮೊದಲೇ ಅರ್ಜಿ ಹಾಕಿ, ಎರಡು ಪ್ರತಿ ಮುದ್ರಿಸಿ ಇಟ್ಟುಕೊಳ್ಳಿ. ಬೆಟ್ಟದ ತಪಾಸಣಾ ಠಾಣೆಯಲ್ಲಿ ಮೊಬೈಲ್ ಸಿಗ್ನಲ್ ಇರುತ್ತದೆ ಎಂದು ಭಾವಿಸಬೇಡಿ.

ವಾರಕ್ಕೊಂದು ದಿನ ಖಾಲಿ ಬಿಡಿ. ರೈಲು ತಡವಾದರೆ, ಹೊಟ್ಟೆ ಕೆಟ್ಟರೆ, ಬಟ್ಟೆ ಒಗೆಯಬೇಕಾದರೆ ಆ ದಿನವೇ ಆಸರೆ. ಏನೂ ಆಗದಿದ್ದರೆ ಕಾಶಿಯ ಘಾಟ್‌ನ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿರಿ.

ಏಳನೆಯ ಹೆಜ್ಜೆ: ಚೀಲ, ಊಟ, ಉಳಿದ ಸಣ್ಣಪುಟ್ಟವು

ಒಬ್ಬರಿಗೆ ಒಂದೇ ಚೀಲ, ನೀವೇ ಎತ್ತಿಕೊಂಡು ಮೇಲ್ಸೇತುವೆ ಹತ್ತುವಷ್ಟು. ಜೈಸಲ್ಮೇರಿನ ರಾತ್ರಿಗೂ ಡಾರ್ಜಿಲಿಂಗ್‌ನ ಮುಂಜಾವಿಗೂ ಸ್ವೆಟರ್ ಬೇಕು, ಮುಂಬೈಗೆ ಹತ್ತಿಯ ಅಂಗಿ ಬೇಕು. ದಪ್ಪ ಕೋಟಿನ ಬದಲು ತೆಳುವಾದ ಮೂರು ಪದರ ಇಟ್ಟುಕೊಳ್ಳಿ. ಸರಪಳಿ ಮತ್ತು ಎರಡು ಬೀಗ ಮರೆಯಬೇಡಿ. ಒಂದು ಕೆಳಬರ್ತ್‌ನ ಅಡಿಯ ಕೊಕ್ಕೆಗೆ, ಇನ್ನೊಂದು ನಿಲ್ದಾಣದ ಕ್ಲೋಕ್ ರೂಮಿಗೆ, ಬೀಗವಿಲ್ಲದ ಚೀಲವನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ನಡುಬರ್ತ್ ಬಿಚ್ಚಬಹುದಾದ ಸಮಯ ರಾತ್ರಿ 10ರಿಂದ ಬೆಳಿಗ್ಗೆ 6. ಎಂಟಕ್ಕೇ ಮಲಗಲು ಬಯಸುವ ಮನೆಯ ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ. ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಕೈಬಿಟ್ಟರೆ, ಅದು ಹೊರಡುವ ಮೊದಲೇ ಟಿ.ಡಿ.ಆರ್. (ಹಣ ವಾಪಸಿಗೆ ಕೊಡುವ ಅರ್ಜಿ) ಸಲ್ಲಿಸಿದರೆ ಪೂರ್ತಿ ಹಣ ಮರಳುತ್ತದೆ. ದೂರು, ತುರ್ತು ಸಹಾಯಕ್ಕೆ 139.

ಊಟದ ವಿಷಯದಲ್ಲಿ ಪ್ಯಾಂಟ್ರಿಯ ಬಿರಿಯಾನಿಗಿಂತ ನಿಲ್ದಾಣದ ಹೆಸರನ್ನು ನಂಬುವವನು ನಾನು. ಕರ್ಜತ್‌ನ ವಡಾ, ಅಬು ರೋಡ್‌ನ ರಬಡಿ, ಮಥುರಾದ ಪೇಡ, ವರ್ಧಮಾನದ ಸೀತಾಭೋಗ್. ನಮ್ಮ ಮದ್ದೂರು ವಡೆಯ ಬಂಧುಗಳು ದೇಶದ ತುಂಬ ಇದ್ದಾರೆ. ಬಿಸಿಯಾಗಿ, ಕಣ್ಣೆದುರು ಕರಿದದ್ದನ್ನು ಮಾತ್ರ ತಿನ್ನಿ. ಕತ್ತರಿಸಿಟ್ಟ ಹಣ್ಣು ಬೇಡವೇ ಬೇಡ. ಓ.ಆರ್.ಎಸ್. ಪೊಟ್ಟಣ ಆರು ಇರಲಿ.

ಕೊನೆಯ ತುಂಡು: ವಿವೇಕ್ ಎಕ್ಸ್‌ಪ್ರೆಸ್

ದಿಬ್ರುಗಢದಿಂದ ವಿಮಾನದಲ್ಲಿ ಮರಳಬಹುದು, ಬಹುತೇಕರು ಹಾಗೆಯೇ ಮಾಡುತ್ತಾರೆ. ನನ್ನ ಮಟ್ಟಿಗೆ ಇಡೀ ಗೆರೆಯ ಸಾರ ಇರುವುದು ಮರಳುವ ರೈಲಿನಲ್ಲಿ. ದಿಬ್ರುಗಢದಿಂದ ಕನ್ಯಾಕುಮಾರಿಗೆ ಹೋಗುವ ವಿವೇಕ್ ಎಕ್ಸ್‌ಪ್ರೆಸ್ ದೇಶದ ಅತಿ ಉದ್ದದ ರೈಲು ಪ್ರಯಾಣ, ಸುಮಾರು 4,200 ಕಿ.ಮೀ., ಮೂರು ದಿನಕ್ಕೂ ಹೆಚ್ಚು. ಕನ್ನಡಿಗರು ಕನ್ಯಾಕುಮಾರಿಯವರೆಗೆ ಹೋಗಬೇಕಿಲ್ಲ, ಕಾಟ್ಪಾಡಿಯಲ್ಲಿ ಇಳಿದರೆ ಬೆಂಗಳೂರಿಗೆ ರೈಲುಗಳು ಬೇಕಾದಷ್ಟು. ಅಲ್ಲಿಗೆ ಮೂರು ರಾತ್ರಿ, ಎರಡು ಪೂರ್ತಿ ಹಗಲು. ಎ.ಸಿ. ಮೂರನೆಯ ದರ್ಜೆಯ ಪಕ್ಕದ ಕೆಳಬರ್ತ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ಕಿಟಕಿ ಪಕ್ಕದಲ್ಲೇ. ಓದಲು ಪುಸ್ತಕ, ಕಾಲಿಗೆ ಹವಾಯಿ ಚಪ್ಪಲಿ, ಎರಡನೆಯ ದಿನಕ್ಕೆ ಬದಲಿಸಲು ಅಂಗಿ.

ಮೊದಲ ಹಗಲು ಬಿದಿರು, ಅಡಿಕೆ, ಕೊಳದ ಪಕ್ಕದ ತಗಡಿನ ಮನೆಗಳು. ರಾತ್ರಿಯೊಳಗೆ ಬಂಗಾಳ ಕಳೆಯುತ್ತದೆ. ಎರಡನೆಯ ಹಗಲು, ರೈಲು ಸಮಯಕ್ಕೆ ಸರಿಯಾಗಿದ್ದರೆ, ಭುವನೇಶ್ವರ ದಾಟಿ ಕೆಲಹೊತ್ತಿಗೆ ಚಿಲಿಕಾ ಸರೋವರ ಹಳಿಯ ಪಕ್ಕಕ್ಕೇ ಬರುತ್ತದೆ. ದಕ್ಷಿಣಕ್ಕೆ ಹೋಗುವಾಗ ಅದು ಎಡಗಡೆ. ಅಲ್ಲಿಂದಾಚೆ ತಾಳೆಮರ, ಕೆಂಪು ನೆಲ, ನಿಲ್ದಾಣದ ಫಲಕದ ಮೇಲೆ ನಮ್ಮ ಲಿಪಿಯನ್ನೇ ಹೋಲುವ ದುಂಡನೆಯ ತೆಲುಗು ಅಕ್ಷರ. ಮೂರನೆಯ ಬೆಳಿಗ್ಗೆ ರೇಣಿಗುಂಟದ ಹೊತ್ತಿಗೆ ಚಹಾ ಮಾರುವವರ ಕೂಗು ಕಾಫಿಗೆ ಬದಲಾಗಿರುತ್ತದೆ. ಆಗ ಸರಪಳಿ ಬಿಚ್ಚಿ ಚೀಲ ಹೊರಗೆಳೆದಿಡಿ. ಕಾಟ್ಪಾಡಿಯಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ.